ನುವಾರ ಎಲಿಯದಲ್ಲಿ ಮುರಿದ ಕೈ, ಬಳ್ಳಾರಿಯಲ್ಲಿ ನಡೆದ ಕೇಸು

ಆಕಾಶದಲ್ಲಿ

ಬೆಂಗಳೂರಿನಿಂದ ಕೊಲಂಬೊಗೆ ಹೊರಟ ವಿಮಾನ ಇನ್ನೂ ಮೋಡ ಮುಟ್ಟಿರಲಿಲ್ಲ, ಕಿಟಕಿ ಪಕ್ಕದ ಸೀಟಿಗಾಗಿ ನಮ್ಮ ತಂಡದ ಇಬ್ಬರು ಮೇಷ್ಟ್ರುಗಳ ನಡುವೆ ಜಗಳ ಹತ್ತಿತು. ಇಬ್ಬರೂ ಸಿರುಗುಪ್ಪದವರು, ಇಬ್ಬರೂ ನಿವೃತ್ತರು, ಇಬ್ಬರೂ ಮೊದಲ ಸಲ ವಿಮಾನ ಹತ್ತಿದವರು. ಒಬ್ಬರು ಇನ್ನೊಬ್ಬರ ಅಂಗಿಯ ತೋಳು ಹಿಡಿದಿದ್ದರು. ಗಗನಸಖಿ ನಗುತ್ತಲೇ ಗದರಿಸುತ್ತಿದ್ದಳು.

ನನ್ನ ಪಕ್ಕದಲ್ಲಿ ಕೂತಿದ್ದ ದೊಡ್ಡವ್ವ ಇದನ್ನೆಲ್ಲ ಕತ್ತು ಚಾಚಿ ನೋಡಿ ಕೇಳಿದಳು: "ಸುಜಾತಾ, ಇವರಿಬ್ರೂ ಇಲ್ಲೇ ಕೈಕೈ ಮಿಲಾಯಿಸಿದ್ರ ಕೇಸು ಯಾವ ಠಾಣಿಗಿ ಹೋಗ್ತೈತಿ? ಮ್ಯಾಲ ಪೊಲೀಸರು ಇರ್ತಾರೇನು?"

ನಾನು ಬಳ್ಳಾರಿಯಲ್ಲಿ ವಕೀಲಿ ಮಾಡುತ್ತೇನೆ. ಹೊಲದ ಪಾಲು, ಲಾರಿ ಅಪಘಾತ, ಚೆಕ್ಕು ವಾಪಸು, ಇವೇ ನನ್ನ ದಿನದ ಕೆಲಸ. ಆದರೂ ದೊಡ್ಡವ್ವನ ಮುಂದೆ ಸೋಲಬಾರದಲ್ಲ. "ಇದು ನಮ್ಮ ದೇಶದಾಗ ನೋಂದಣಿ ಆದ ವಿಮಾನ. ಎಲ್ಲಿ ಹಾರಿದ್ರೂ ಇದರೊಳಗ ನಮ್ಮ ಕಾನೂನು ಇರ್ತೈತಿ," ಅಂದೆ.

"ಹಂಗಾದ್ರ ಸಿರುಗುಪ್ಪದ ಬಸ್ಸು ಇದ್ದಂಗಾತು ಬಿಡು," ಎಂದು ಸಮಾಧಾನದಿಂದ ಕಣ್ಣು ಮುಚ್ಚಿದಳು.

ನಾವು ಹೊರಟಿದ್ದು ಶ್ರೀಲಂಕಾದ ಬೌದ್ಧ ಸ್ಥಳಗಳನ್ನು ನೋಡಲಿಕ್ಕೆ. ಸಿರುಗುಪ್ಪ, ತೆಕ್ಕಲಕೋಟೆ, ಕುರುಗೋಡು, ಬಳ್ಳಾರಿ ಕಡೆಯ ಕೆಲವು ಬೌದ್ಧ ಕುಟುಂಬಗಳು ವರ್ಷಗಟ್ಟಲೆ ಮಾತಾಡಿ ಮಾತಾಡಿ ಕೊನೆಗೆ ಹೊರಡಿಸಿದ ಪ್ರವಾಸ. ಭತ್ತ ಬೆಳೆಯುವವರಿದ್ದರು, ನರ್ಸ್ ಇದ್ದರು, ಬ್ಯಾಂಕಿನವರಿದ್ದರು. ನಡೆಸುವವನು ಬಳ್ಳಾರಿಯ ವಸಂತಕುಮಾರ, ಊರೂರು ತಿರುಗಿ ಪ್ರವಾಸ ಏರ್ಪಡಿಸುವುದೇ ಅವನ ಉದ್ಯೋಗ. ಅವನ ಕಡೆಯಿಂದ ಅಡುಗೆಗೆ ಬಂದಿದ್ದವಳು ಕುರುಗೋಡಿನ ಗಂಗಮ್ಮ. ಗಂಡನಿಲ್ಲ, ಒಬ್ಬ ಮಗಳು ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ. ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು.

ಕೊಲಂಬೊ

ವಿಮಾನ ನಿಲ್ದಾಣದಲ್ಲಿ ದೊಡ್ಡವ್ವನ ಚೀಲವನ್ನು ಪಕ್ಕಕ್ಕೆ ತೆಗೆದಿಟ್ಟರು. ಅದರಲ್ಲಿದ್ದುದು ಜೋಳದ ಹಿಟ್ಟು. ಬಿಳಿ ಪುಡಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದ್ದು. ಅಧಿಕಾರಿ ಅದನ್ನು ಬೆಳಕಿಗೆ ಹಿಡಿದ, ಮೂಸಿದ, ಇನ್ನೊಬ್ಬನನ್ನು ಕರೆದ. ನಾನು ಇಂಗ್ಲಿಷಿನಲ್ಲಿ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ದೊಡ್ಡವ್ವ ಅವನ ಮೇಜಿನ ಮೇಲೆ ಎರಡೂ ಅಂಗೈಯಿಂದ ಪಟಪಟ ಬಡಿದು ತೋರಿಸಿದಳು. ಅವನು ಒಂದು ಕ್ಷಣ ನೋಡಿ, "ರೊಟಿ!" ಎಂದು ಕೂಗಿದ. ಅವರಲ್ಲೂ ಅದೇ ಮಾತಂತೆ. ಹಿಟ್ಟು ಪಾಸಾಯಿತು.

ಹೊರಗೆ ಬಂದರೆ ಅಂಗಡಿಯ ಬೋರ್ಡುಗಳೆಲ್ಲ ದುಂಡು ದುಂಡು ಅಕ್ಷರ. ತೆಲುಗು ಕನ್ನಡ ಎರಡೂ ಓದುವ ನಮ್ಮ ಕಡೆಯವರಿಗೆ ಇದು ಓದಲು ಬಂದೇ ಬರುತ್ತದೆ ಅನ್ನಿಸುತ್ತದೆ, ಆದರೆ ಒಂದಕ್ಷರ ಬರುವುದಿಲ್ಲ. ಮೇಷ್ಟ್ರುಗಳಿಬ್ಬರೂ ಜಗಳ ಮರೆತು ಬೋರ್ಡು ಬಿಡಿಸುವುದರಲ್ಲಿ ಒಂದಾದರು.

ಬಸ್ಸಿನ ಚಾಲಕ ನಿಮಲ್ ಕೈಜೋಡಿಸಿ "ಆಯುಬೋವನ್" ಅಂದ. ಆಯುಷ್ಯ ಹೆಚ್ಚಲಿ ಎಂದರ್ಥ. ಅವನಿಗೆ ಇಂಗ್ಲಿಷ್ ಅರ್ಧ, ತಮಿಳು ಕಾಲು ಬರುತ್ತಿತ್ತು. ಮಿಕ್ಕದ್ದನ್ನು ತಲೆಯಾಡಿಸಿ ತುಂಬುತ್ತಿದ್ದ. ನಮ್ಮ ಹಾಗೆಯೇ ಆಡಿಸುತ್ತಾನೆ. ಹೌದೋ ಅಲ್ಲವೋ ತಿಳಿಯುವುದಿಲ್ಲ. ಗಂಗಮ್ಮನನ್ನು ನೋಡಿ "ಅಕ್ಕಾ" ಎಂದಾಗ ಅವಳು ಬೆಚ್ಚಿ ನನ್ನ ಮುಖ ನೋಡಿದಳು. "ಇವ್ನಿಗಿ ಕನ್ನಡ ಬರ್ತೈತೇನ್ರಿ?" ಸಿಂಹಳದಲ್ಲೂ ಅಕ್ಕ ಅಂದರೆ ಅಕ್ಕನೇ ಎಂದು ತಿಳಿದ ಮೇಲೆ ಅವರಿಬ್ಬರ ನಡುವೆ ಭಾಷೆಯ ತೊಂದರೆಯೇ ಬರಲಿಲ್ಲ. ಅವಳು ಕನ್ನಡ, ತೆಲುಗು ಬೆರೆಸಿ ಹೇಳುವಳು, ಅವನು ಸಿಂಹಳದಲ್ಲಿ ಉತ್ತರಿಸುವನು, ಕೆಲಸ ಆಗುತ್ತಿತ್ತು.

ಬಸ್ಸು ಹತ್ತುವಾಗ ವಸಂತಕುಮಾರ ಎಲ್ಲರ ಪಾಸ್‌ಪೋರ್ಟ್ ಇಸಿದುಕೊಂಡ. "ಕಳಕೊಂಡ್ರ ದೊಡ್ಡ ಫಜೀತಿರೀ. ನನ್ನ ಹತ್ರ ಭದ್ರ ಇರ್ತಾವು," ಅಂದ. ಎಲ್ಲರೂ ಕೊಟ್ಟೆವು.

ಅನುರಾಧಪುರ

ಬಿಸಿಲು ನಮಗೆ ಹೊಸದೇ? ಬಳ್ಳಾರಿಯವರು ನಾವು, ಏಪ್ರಿಲ್‌ನಲ್ಲಿ ಕೋಟೆ ಗುಡ್ಡದ ಬಂಡೆ ನೋಡಿದವರು. ಆ ಗತ್ತಿನಲ್ಲೇ ಚಪ್ಪಲಿ ಬಿಟ್ಟು ದೊಡ್ಡ ಬಿಳಿ ಸ್ತೂಪದ ಅಂಗಳಕ್ಕೆ ಕಾಲಿಟ್ಟೆವು. ನಾಲ್ಕು ಹೆಜ್ಜೆಗೆ ಗತ್ತು ಇಳಿಯಿತು. ಕಾದ ಕಲ್ಲಿನ ಮೇಲೆ ನಮ್ಮ ಇಡೀ ತಂಡ ಕುಣಿಯುತ್ತ, ಸೀರೆ ಎತ್ತಿ ಹಿಡಿದು, ಒಬ್ಬರನ್ನೊಬ್ಬರು ತಳ್ಳುತ್ತ ನೆರಳಿಗೆ ಓಡಿತು. ಬಿಳಿ ಬಟ್ಟೆ ತೊಟ್ಟ ಅಲ್ಲಿಯ ಹೆಂಗಸರು ಅದೇ ಕಲ್ಲಿನ ಮೇಲೆ ತಾವರೆ ಹಿಡಿದು ಮೆಲ್ಲಗೆ ನಡೆದು ಹೋಗುತ್ತಿದ್ದರು.

ಅಲ್ಲಿಂದ ಬೋಧಿ ವೃಕ್ಷದ ಹತ್ತಿರ ಹೋದೆವು. ದೊಡ್ಡವ್ವ ಸಣ್ಣವಳಿದ್ದಾಗ ಅವರ ಓಣಿಯವರು ಊರ ಗುಡಿಯ ಹೊರಗೆ ನಿಲ್ಲಬೇಕಿತ್ತು. ಇಲ್ಲಿ ಒಬ್ಬ ಮುದುಕ ತನ್ನ ಬುಟ್ಟಿಯಿಂದ ಹೂ ತೆಗೆದು ಅವಳ ಕೈಗಿಟ್ಟು, ಮುಂದೆ ಹೋಗು ಎಂದು ಕೈ ತೋರಿಸಿದ. ಅವಳು ಬಹಳ ಹೊತ್ತು ಹೂ ಇಡದೇ ನಿಂತಿದ್ದಳು. ನಾನು ಕರೆಯಲಿಲ್ಲ.

ಅಲ್ಲೇ ಒಂದು ಎಡವಟ್ಟೂ ಆಯಿತು. ನಮ್ಮ ತಂಡದ ಬ್ಯಾಂಕಿನ ಮಿತ್ರರೊಬ್ಬರು ಬುದ್ಧನ ಮೂರ್ತಿಗೆ ಬೆನ್ನು ಹಾಕಿ ಸೆಲ್ಫಿಗೆ ನಿಂತರು. ಕಾವಲಿನವ ಓಡಿ ಬಂದ. ನಿಮಲ್ ಅವನಿಗೆ ಏನೇನೋ ಹೇಳಿ ಕೈಮುಗಿದು ಬಿಡಿಸಿಕೊಂಡು ಬಂದು, ಮೂರ್ತಿಗೆ ಬೆನ್ನು ತೋರಿಸಿ ಫೋಟೋ ತೆಗೆದರೆ ಇಲ್ಲಿ ಪೊಲೀಸರ ತನಕ ಹೋಗಬಹುದು ಎಂದು ನಮಗೆ ತಿಳಿಸಿದ.

"ನಾ ಭಾರತದವ. ನಂಗೆ ಇವರ ಕಾನೂನು ಹೆಂಗ ಗೊತ್ತಿರಬೇಕು?" ಬ್ಯಾಂಕಿನವರು ಗೊಣಗಿದರು.

"ಯಾರ ನೆಲದ ಮ್ಯಾಲ ನಿಂತೀರೋ ಅವರ ಕಾನೂನು ನಿಮಗ ಹತ್ತತೈತಿ," ಅಂದೆ. ಇಷ್ಟು ಎಲ್ಲರಿಗೂ ಗೊತ್ತು. ಅದರ ಇನ್ನರ್ಧ ನನಗೂ ಮರೆತಿತ್ತು. ಅದು ನೆನಪಾದದ್ದು ಬೆಟ್ಟದ ಮೇಲೆ.

ನುವಾರ ಎಲಿಯ

ಕ್ಯಾಂಡಿಯಲ್ಲಿ ಬುದ್ಧನ ಹಲ್ಲು ಇರಿಸಿದ ದಂತ ಮಂದಿರ ನೋಡಿ ಬಸ್ಸು ಬೆಟ್ಟ ಹತ್ತಿತು. ಚಹಾ ತೋಟಗಳ ನಡುವೆ ಹಗಲಿನಲ್ಲೇ ಮಂಜು. ಮೇಷ್ಟ್ರುಗಳು ಮಂಕಿ ಕ್ಯಾಪು ಹಾಕಿಕೊಂಡರು. ದೊಡ್ಡವ್ವ ಎರಡು ಸೀರೆ ಒಂದರ ಮೇಲೊಂದು ಸುತ್ತಿಕೊಂಡಳು. ನಾವು ಉಳಿದಿದ್ದ ವಸತಿಗೃಹದಲ್ಲಿ ಅಡುಗೆಮನೆ ನಮಗೇ ಬಿಟ್ಟುಕೊಟ್ಟಿದ್ದರು.

ಮರುದಿನ ಬೆಳಿಗ್ಗೆ ಉಪ್ಪಿಟ್ಟಿಗೆ ಕಾಯುತ್ತ ಕೂತಿದ್ದೆವು. ಒಳಗಿನಿಂದ ಗಂಗಮ್ಮನ ಕೂಗು ಕೇಳಿತು. ನಾನು ಓಡಿ ಹೋದಾಗ ಅವಳು ನೆಲದ ಮೇಲೆ ಕೂತು ಎಡಗೈಯನ್ನು ಎದೆಗೆ ಒತ್ತಿಕೊಂಡಿದ್ದಳು. ಮುಂಗೈ ಸೊಟ್ಟಗಾಗಿತ್ತು. ವಸಂತಕುಮಾರನ ಕೈಯಲ್ಲಿ ಲಟ್ಟಣಿಗೆ ಇತ್ತು. ಬಾಗಿಲಲ್ಲಿ ಬಿಸಿನೀರಿನ ಫ್ಲಾಸ್ಕ್ ಹಿಡಿದು ನಿಮಲ್ ನಿಂತಿದ್ದ, ಅವನು ಎಲ್ಲವನ್ನೂ ಕಂಡಿದ್ದ.

ಗಂಗಮ್ಮ ನಡೆದದ್ದನ್ನು ಹೇಳಿದಳು. ಮಗಳಿಗೆ ಫೋನು ಮಾಡಲು ಇಲ್ಲಿಯ ಸಿಮ್ ಕೊಳ್ಳಬೇಕಿತ್ತು. ಅಂಗಡಿಯವನು ಪಾಸ್‌ಪೋರ್ಟ್ ತೋರಿಸು ಅಂದಿದ್ದ. ವಸಂತಕುಮಾರನನ್ನು ಕೇಳಿದರೆ ಕೊಡಲಿಲ್ಲ. ನಿನ್ನಂಥವರು ಇಲ್ಲೇ ಎಲ್ಲಾದರೂ ಕೆಲಸ ಹಿಡಿದು ಓಡಿಹೋಗ್ತೀರಿ ಅಂದ. "ಅದು ನಂದು ಐತಿ, ನಂಗ ಕೊಡ್ರಿ ಅಂದೆ ಅಕ್ಕಾ. ಎದುರು ಮಾತಾಡ್ತೀಯಾ ಅಂತ ಎತ್ತಿ ಬಾರಿಸಿದ."

ನಾನು ಅವನ ಕಡೆ ತಿರುಗಿದೆ. ಅವನು ಲಟ್ಟಣಿಗೆ ಕೆಳಗಿಟ್ಟು, ಅಂಗಿ ಸರಿಮಾಡಿಕೊಂಡು ನಿಧಾನಕ್ಕೆ ಹೇಳಿದ: "ಮೇಡಂ, ನಿಮ್ಮ ವಕೀಲಿಕಿ ಬಳ್ಳಾರಿಯಾಗ ಇಟ್ಕೋರಿ. ಇದು ಬ್ಯಾರೆ ದೇಶ. ಇಲ್ಲಿ ಆಗಿದ್ದು ಇಲ್ಲಿಗೇ ಮುಗೀತು. ಅಲ್ಲಿ ಯಾವ ಕೋರ್ಟೂ ಇದನ್ನ ಕೇಳಂಗಿಲ್ಲ."

ಅವನ ಮಾತು ತಪ್ಪು ಅನ್ನಿಸಿತು, ಆದರೆ ಪರೀಕ್ಷೆಗೆ ಓದಿದ ಕಲಂ ಎಲ್ಲೋ ಮಸುಕಾಗಿ ಇತ್ತು. ನಿಮಲ್ ಆಗಲೇ ಬಸ್ಸು ಚಾಲೂ ಮಾಡಿದ್ದ. ಮೊದಲು ಆಸ್ಪತ್ರೆಗೆ ಹೋದೆವು. ಮೂಳೆ ಮುರಿದಿತ್ತು. ಡಾಕ್ಟರು ಹೆಣ್ಣುಮಗಳು, ಪಟ್ಟಿ ಹಾಕುತ್ತ ಹೇಗಾಯಿತು ಎಂದು ಕೇಳಿ, ನಿಮಲ್ ಹೇಳಿದ್ದನ್ನು ಕೇಳಿ, ಎಲ್ಲವನ್ನೂ ಬರೆದುಕೊಟ್ಟಳು.

ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು ಬಳ್ಳಾರಿಯ ನನ್ನ ಸೀನಿಯರ್‌ಗೆ ಫೋನು ಮಾಡಿದೆ. ಎರಡೂ ದೇಶಕ್ಕೆ ಗಡಿಯಾರ ಒಂದೇ, ಅವರು ಕೋರ್ಟಿಗೆ ಹೊರಡುವ ಹೊತ್ತು.

"ಹೊಡದಾಂವ ನಮ್ಮ ದೇಶದ ಪ್ರಜೆ ಹೌದಿಲ್ಲೋ?" ಕೇಳಿದರು.

"ಹೌದು ಸರ್."

"ಮತ್ತೇನು? ನಮ್ಮ ಪ್ರಜೆ ಜಗತ್ತಿನ ಯಾವ ಮೂಲ್ಯಾಗ ಅಪರಾಧ ಮಾಡಿದ್ರೂ, ಅದು ನಮ್ಮ ನೆಲದ ಮ್ಯಾಲೇ ಆಗೇತಿ ಅನ್ನೋಹಂಗ ನಮ್ಮ ಕೋರ್ಟು ವಿಚಾರಿಸಬಹುದು. ಅಂವ ಸಿಕ್ಕ ಊರಾಗ, ಇಲ್ಲಾ ಕೇಸು ದಾಖಲಾದ ಊರಾಗ. ಹೊಸ ಸಂಹಿತಿಯಾಗ ಇನ್ನೂರಾ ಎಂಟನೇ ಕಲಂ ತೆಗದು ನೋಡು. ವಿಚಾರಣಿಗಿ ಮಾತ್ರ ದಿಲ್ಲಿ ಸರ್ಕಾರದ ಅನುಮತಿ ಬೇಕು. ಆ ಡಾಕ್ಟರ ಕಾಗದ, ಆ ಡ್ರೈವರ, ಎರಡನ್ನೂ ಕೈ ಬಿಡಬ್ಯಾಡ."

ಅಲ್ಲಿಂದ ಪೊಲೀಸ್ ಠಾಣೆಗೆ ಹೋದೆವು. ಮಹಿಳಾ ಅಧಿಕಾರಿಯೊಬ್ಬರು ನಮಗೆಲ್ಲ ಚಹಾ ತರಿಸಿ, ದೂರು ಬರೆದುಕೊಂಡರು. ಇಲ್ಲೇ ಮೊಕದ್ದಮೆ ನಡೆಸಬಹುದು, ಆದರೆ ಪ್ರತಿ ಸಲ ಇವರು ಸಾಕ್ಷಿಗೆ ಇಲ್ಲಿಗೆ ಬರಬೇಕಾಗುತ್ತದೆ ಎಂದು ಬಿಡಿಸಿ ಹೇಳಿದರು. ಗಂಗಮ್ಮ ನನ್ನನ್ನು ನೋಡಿದಳು. "ನಮ್ಮೂರಾಗ ಆಗಂಗಿಲ್ಲೇನಕ್ಕಾ?"

"ಆಗ್ತೈತಿ," ಅಂದೆ. ಈಗ ನನಗೆ ಅನುಮಾನವಿರಲಿಲ್ಲ. ಅಧಿಕಾರಿ ದೂರಿನ ಒಂದು ಪ್ರತಿ ನಮಗೆ ಕೊಟ್ಟು, ತಮ್ಮ ಕಡೆ ಅದನ್ನು ಅಷ್ಟಕ್ಕೇ ನಿಲ್ಲಿಸಿದರು.

ವಾಪಸು ಬಂದಾಗ ಇಡೀ ತಂಡ ವಸತಿಗೃಹದ ಅಂಗಳದಲ್ಲಿ ಕೂತಿತ್ತು. ಪಾಸ್‌ಪೋರ್ಟ್ ಕೊಡುವವರೆಗೆ ಬಸ್ಸು ಹತ್ತುವುದಿಲ್ಲ ಎಂದು ದೊಡ್ಡವ್ವನೇ ಎಲ್ಲರನ್ನೂ ಕೂರಿಸಿದ್ದಳು. ಜಗಳಗಂಟಿ ಮೇಷ್ಟ್ರುಗಳು ಆಚೆಯೊಬ್ಬರು ಈಚೆಯೊಬ್ಬರು ಗೇಟು ಕಾಯುತ್ತಿದ್ದರು. ವಸಂತಕುಮಾರ ಮೊದಲು ನಕ್ಕ, ಆಮೇಲೆ ರೇಗಿದ, ಕೊನೆಗೆ ಚೀಲ ತಂದು ಮೆಟ್ಟಿಲ ಮೇಲೆ ಒಗೆದ. ಮಧ್ಯಾಹ್ನದ ಹೊತ್ತಿಗೆ ಟ್ಯಾಕ್ಸಿ ಹಿಡಿದು ಹೊರಟೇ ಹೋದ.

ಹೋಗುವಾಗ ನಾನು ಅವನಿಗೆ ಒಂದೇ ಮಾತು ಹೇಳಿದೆ: "ವಸಂತಕುಮಾರ್, ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಒಂದ್ಸಲ ತೆಗದು ನೋಡ್ಕೋರಿ."

ಗಾಲೆ

ಪ್ರವಾಸ ಇನ್ನೂ ಬಾಕಿ ಇತ್ತು. ನಡೆಸುವವನಿಲ್ಲ, ಅಡುಗೆಯವಳ ಕೈಗೆ ಪಟ್ಟಿ. ಹಿಂದಿರುಗೋಣವೇ ಎಂದು ಕೆಲವರು ಕೇಳಿದರು. ನಿಮಲ್ ತಲೆಯಾಡಿಸಿದ. ಈ ಸಲ ಅದು ಸ್ಪಷ್ಟವಾಗಿ 'ಬೇಡ'. ಬಸ್ಸು ನನ್ನದು, ದಾರಿ ನನಗೆ ಗೊತ್ತು, ಸಮುದ್ರ ನೋಡದೆ ಹೋದರೆ ನನಗೆ ಅವಮಾನ ಎಂದ.

ಹಾಗೆ ಗಾಲೆಗೆ ಬಂದೆವು. ಗಂಗಮ್ಮನನ್ನು ಕುರ್ಚಿ ಮೇಲೆ ಕೂರಿಸಿ, ಅವಳು ಹೇಳಿದಂತೆ ನಾವು ಅಡುಗೆ ಮಾಡುವುದೆಂದು ನಿರ್ಧಾರವಾಯಿತು. ಬ್ಯಾಂಕಿನವರು ಒಗ್ಗರಣೆಗೆ ಸಾಸಿವೆಯ ಬದಲು ಗಸಗಸೆ ಹಾಕಿದರು. ಮೇಷ್ಟ್ರು ಅನ್ನಕ್ಕೆ ಎಷ್ಟು ನೀರು ಎಂಬುದಕ್ಕೆ ಸೂತ್ರ ಬಳಸಿ ಗಂಜಿ ಮಾಡಿದರು. ದೊಡ್ಡವ್ವ ಮಾತ್ರ ತಾನು ತಂದ ಹಿಟ್ಟಿನಲ್ಲಿ ರೊಟ್ಟಿ ಬಡಿದು ನಮ್ಮ ಮಾನ ಉಳಿಸಿದಳು. ನಿಮಲ್ ಅದನ್ನು ಅವರ ತೆಂಗಿನಕಾಯಿ ಸಂಬೋಲದ ಜೊತೆ ತಿಂದು ಇನ್ನೊಂದು ಕೇಳಿದ. ನಾವೂ ಹಚ್ಚಿಕೊಂಡು ನೋಡಿದೆವು. ಅದು ನಮ್ಮ ಕೆಂಪು ಚಟ್ನಿಯ ಹತ್ತಿರದ ಸಂಬಂಧಿ, ಅಷ್ಟೇ ಖಾರ.

ಸಂಜೆ ಕೋಟೆಯ ಗೋಡೆಯ ಮೇಲೆ ಗಾಳಿಗೆ ಕೂತಾಗ ಗಂಗಮ್ಮ ಸಮುದ್ರವನ್ನೇ ನೋಡುತ್ತಿದ್ದಳು. "ಅಕ್ಕಾ, ಇಷ್ಟು ನೀರು ದಾಟಿ ಹೋಗಿ ಈ ಮಾತು ನಮ್ಮ ಕೋರ್ಟಿಗಿ ಮುಟ್ಟತೈತಾ?" ಕೇಳಿದಳು.

"ತಡ ಆಗಬಹುದು. ಮುಟ್ಟತೈತಿ."

ಅವಳು ನಿಮಲ್ ಕಡೆ ತಿರುಗಿ, ಪಟ್ಟಿ ಕಟ್ಟಿದ ಕೈ ತೋರಿಸಿ, "ನೀ ಹೇಳ್ತಿ ಹೌದಿಲ್ಲೋ?" ಅಂದಳು. ಅವನಿಗೆ ಮಾತು ಎಷ್ಟು ತಿಳಿಯಿತೋ. "ಹರಿ, ಅಕ್ಕಾ, ಹರಿ," ಅಂದ. ಹರಿ ಅಂದರೆ ಅವರಲ್ಲಿ 'ಸರಿ'.

ಕುರುಗೋಡು

ಊರಿಗೆ ಬಂದ ಮೇಲೆ ಠಾಣೆಗೆ ಹೋದೆವು. ಹೆಡ್ ಕಾನ್‌ಸ್ಟೇಬಲ್ ಒಳ್ಳೆಯ ಮನುಷ್ಯ, ಆದರೆ ದೂರು ಕೇಳಿ ಪೆನ್ನು ಕೆಳಗಿಟ್ಟ. "ಲಂಕಾದಾಗ ಆಗಿದ್ದಕ್ಕ ಕುರುಗೋಡಿನಾಗ ಎಫ್‌ಐಆರ್ ಏನ್ರಿ ಮೇಡಂ?"

ಸಂಹಿತೆಯ ಪುಸ್ತಕ ತೆಗೆದು ಓದಿ ತೋರಿಸಿದೆ. ಸಬ್‌ಇನ್‌ಸ್ಪೆಕ್ಟರ್ ಬಂದರು, ಅವರೂ ಓದಿದರು, ಮೇಲಿನವರಿಗೆ ಫೋನು ಮಾಡಿದರು. ತನಿಖೆಗೆ ಅಡ್ಡಿಯಿಲ್ಲ, ದಿಲ್ಲಿಯ ಅನುಮತಿ ಆಮೇಲಿನ ಮಾತು ಎಂದು ಅಲ್ಲಿಂದಲೂ ಉತ್ತರ ಬಂತು. ಬರೆಯಲು ಕೂತ ಹೆಡ್ ಕಾನ್‌ಸ್ಟೇಬಲ್ ಮತ್ತೆ ತಲೆ ಎತ್ತಿದ.

"ಇಲ್ಲಿ 'ಠಾಣೆಯಿಂದ ದೂರ ಮತ್ತು ದಿಕ್ಕು' ಅಂತ ಐತಿ. ಏನು ಬರೀಲಿ?"

"ದಕ್ಷಿಣ ಅಂತ ಬರೀರಿ."

"ದಿಕ್ಕು ಸರಿರೀ. ದೂರ? ನಡುವ ಸಮುದ್ರ ಐತಲ್ಲ, ಅದನ್ನೂ ಅಳೀಬೇಕೇನು?" ಇಡೀ ಠಾಣೆ ನಕ್ಕಿತು, ಗಂಗಮ್ಮನೂ ನಕ್ಕಳು. ಕೊನೆಗೆ 'ದಕ್ಷಿಣಕ್ಕೆ, ಶ್ರೀಲಂಕಾ ದೇಶ' ಎಂದು ದುಂಡಗಿನ ಅಕ್ಷರದಲ್ಲಿ ಬರೆದ.

ಆಮೇಲಿನದು ಕಾಯುವ ಕೆಲಸ. ವಸಂತಕುಮಾರನ ಕಡೆಯವರು ಕುರುಗೋಡಿಗೆ ಬಂದು ಕೇಸು ಬಿಡು ಎಂದು ಗಂಗಮ್ಮನಿಗೆ ಹೇಳಿದರು. ಅವಳು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದಳು. ದೋಷಾರೋಪ ಪಟ್ಟಿ ಸಿದ್ಧವಾಯಿತು, ಅನುಮತಿಗೆ ಕಾಗದ ದಿಲ್ಲಿಗೆ ಹೋಯಿತು. ತಿಂಗಳುಗಳು ಉರುಳಿದವು. ಪ್ರತಿ ಸೋಮವಾರ ಗಂಗಮ್ಮ ಫೋನು ಮಾಡಿ "ದಿಲ್ಲಿಯವ್ರು ಏನಂದ್ರು?" ಎಂದು ಕೇಳುವಳು. ಕೈ ಕೂಡಿತು, ಮದುವೆ ಮನೆಗಳ ಅಡುಗೆಗೆ ಮತ್ತೆ ಹೋಗತೊಡಗಿದಳು. ದಿಲ್ಲಿಯಿಂದ ಹೂಂ ಎಂಬ ಉತ್ತರ ಬಂದ ದಿನ ಅವಳು ಸಿರುಗುಪ್ಪದ ಒಂದು ಮದುವೆಯಲ್ಲಿ ಬೂಂದಿ ಕರಿಯುತ್ತಿದ್ದಳು. ಸುದ್ದಿ ಕೇಳಿ ತೂತಿನ ಸೌಟು ಹಿಡಿದ ಕೈಯಲ್ಲೇ ಫೋನು ಹಿಡಿದು ಕೇಕೆ ಹಾಕಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಬಳ್ಳಾರಿ

ನಾನೂ ಸಾಕ್ಷಿ, ಆದ್ದರಿಂದ ಕೇಸು ನಡೆಸಿದ್ದು ಸರ್ಕಾರಿ ವಕೀಲರು. ಕಟಕಟೆಯಲ್ಲಿ ನಿಂತು ಉತ್ತರಿಸುವುದು ಎಷ್ಟು ಕಷ್ಟ ಎಂದು ಅಂದು ತಿಳಿಯಿತು. ಎದುರು ವಕೀಲರು ಅಡ್ಡ ಪ್ರಶ್ನೆ ಹಾಕಿದಾಗ ಅಭ್ಯಾಸ ಬಲದಿಂದ "ಇದಕ್ಕೆ ನನ್ನ ಆಕ್ಷೇಪಣೆ ಇದೆ" ಅಂದುಬಿಟ್ಟೆ. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, "ಮೇಡಂ, ಇವತ್ತು ನೀವು ಆ ಕಡೆ ಇದ್ದೀರಿ," ಅಂದರು.

ಈ ನ್ಯಾಯಾಲಯಕ್ಕೆ ಈ ವಿಚಾರಣೆ ನಡೆಸುವ ಅಧಿಕಾರವೇ ಇಲ್ಲ ಎಂದು ಎದುರು ವಕೀಲರು ದೀರ್ಘವಾಗಿ ವಾದಿಸಿದರು. ಬೇರೆ ದೇಶದ ನೆಲದಲ್ಲಿ ನಡೆದದ್ದನ್ನು ಬಳ್ಳಾರಿಯಲ್ಲಿ ಕೂತು ತೀರ್ಮಾನಿಸುವುದು ಹೇಗೆ ಎಂದರು. ನ್ಯಾಯಾಧೀಶರು ಶಾಂತವಾಗಿ ಕೇಳಿದರು: "ನಿಮ್ಮ ಕಕ್ಷಿದಾರ ಭಾರತದ ಪ್ರಜೆ ಅಲ್ಲವೇ?" ವಕೀಲರು ಹೌದು ಎನ್ನಲೇಬೇಕಾಯಿತು. "ಅನುಮತಿ ಕಡತದಲ್ಲಿ ಇದೆಯಲ್ಲವೇ?" ಅದಕ್ಕೂ ಹೌದು. ಅಲ್ಲಿಗೆ ಆ ವಾದ ಮುಗಿಯಿತು.

ನಿಮಲ್ ಸಾಕ್ಷಿ ಹೇಳಿದ್ದು ಪರದೆಯ ಮೇಲೆ. ಶ್ರೀಲಂಕಾದಲ್ಲಿರುವ ನಮ್ಮ ದೇಶದ ಕಚೇರಿಯಲ್ಲಿ ಅವನನ್ನು ಕೂರಿಸಿ, ಪಕ್ಕದಲ್ಲಿ ದುಭಾಷಿಯನ್ನಿಟ್ಟು ವಿಡಿಯೋದಲ್ಲಿ ಜೋಡಿಸಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಪರದೆ ಬೆಳಗಿದ ಕೂಡಲೇ ಪ್ರಮಾಣ ಮಾಡುವುದು ಬಿಟ್ಟು, ಕಣ್ಣು ಕಿರಿದು ಮಾಡಿ ಹುಡುಕಿ, "ಅಕ್ಕಾ, ಅತ?" ಅಂದ. ಅತ ಅಂದರೆ ಕೈ. ಗಂಗಮ್ಮ ಕೂತಲ್ಲಿಂದಲೇ ಎಡಗೈ ಎತ್ತಿ ತಿರುಗಿಸಿ ತೋರಿಸಿದಳು. ಅದನ್ನು ನೋಡಿದ ಮೇಲೆ ನ್ಯಾಯಾಧೀಶರು "ಈಗ ಸಾಕ್ಷಿ ಶುರುಮಾಡೋಣ," ಅಂದರು.

ಅವನು ನೋಡಿದ್ದನ್ನು ನೋಡಿದ ಹಾಗೆ ಹೇಳಿದ. ಪಾಸ್‌ಪೋರ್ಟ್ ಕೇಳಿದ್ದು, ಬೈದದ್ದು, ಲಟ್ಟಣಿಗೆ ಎತ್ತಿದ್ದು. ಮಾತು ತಿಳಿಯದವನಿಗೆ ಜಗಳ ಹೇಗೆ ತಿಳಿಯಿತು ಎಂದು ಎದುರು ವಕೀಲರು ಕೇಳಿದರು. ಪಾಸ್‌ಪೋರ್ಟ್ ಎಂಬ ಮಾತು ಎಲ್ಲ ಭಾಷೆಯಲ್ಲೂ ಒಂದೇ ಎಂದ. ಹೊಡೆತಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ ಎಂದು ದುಭಾಷಿ ಮುಂದಿನ ವಾಕ್ಯ ಅನುವಾದಿಸಿದರು. ವಸಂತಕುಮಾರ ತಲೆ ತಗ್ಗಿಸಿ ಕೂತಿದ್ದ. ಬೆಟ್ಟದ ಮೇಲೆ ಕಂಡ ಆ ಧಿಮಾಕು ಈಗ ಇರಲಿಲ್ಲ.

ತೀರ್ಪಿನ ದಿನ ಸಿರುಗುಪ್ಪದಿಂದ ದೊಡ್ಡವ್ವ, ಮೇಷ್ಟ್ರುಗಳು ಎಲ್ಲ ಬಂದಿದ್ದರು. ತಪ್ಪಿತಸ್ಥ ಎಂದು ನ್ಯಾಯಾಧೀಶರು ಓದಿದರು. ಜೈಲು ಶಿಕ್ಷೆ ವಿಧಿಸಿದರು. ಅವನು ಮೇಲ್ಮನವಿ ಹಾಕುತ್ತಾನಂತೆ. ಹಾಕಲಿ, ಅದು ಅವನ ಹಕ್ಕು. ಗಂಗಮ್ಮ ಅಳಲಿಲ್ಲ, ಕೂಗಲಿಲ್ಲ. ಹೊರಗೆ ಬಂದವಳೇ "ಹೊಟ್ಟಿ ಹಸದೈತಿ ಬರ್ರಿ," ಎಂದು ನಮ್ಮನ್ನೆಲ್ಲ ಕೋರ್ಟಿನ ಎದುರಿನ ಹೋಟೆಲಿಗೆ ಕರೆದೊಯ್ದಳು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಂತು.

ತಿನ್ನುತ್ತಲೇ ನಿಮಲ್‌ಗೆ ವಿಡಿಯೋ ಕಾಲ್ ಹಚ್ಚಿದೆವು. ಅವನು ಬಸ್ಸನ್ನು ರಸ್ತೆ ಪಕ್ಕ ನಿಲ್ಲಿಸಿದ. ನಾನು ಇಂಗ್ಲಿಷಿನಲ್ಲಿ ತೀರ್ಪು ಹೇಳಿದೆ. ಅವನು ತನ್ನ ಅರ್ಧ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದ: ನಿಮ್ಮೂರ ಜಡ್ಜ್‌ಗೆ ನಾನು ಯಾರೆಂದೇ ಗೊತ್ತಿಲ್ಲ. ಆದರೂ ನನ್ನ ಮಾತು ನಂಬಿದರಾ?

ಗಂಗಮ್ಮನಿಗೆ ಅದನ್ನು ಕನ್ನಡದಲ್ಲಿ ಹೇಳಿದೆ. ಅವಳು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, ಮುಖದ ಹತ್ತಿರ ಹಿಡಿದು, ಬಸ್ಸಿನ ಸದ್ದಿಗೂ ಹೋಟೆಲಿನ ಗದ್ದಲಕ್ಕೂ ಮೇಲಾಗುವಂತೆ ಹೇಳಿದಳು: "ನಂಬಿದ್ರು ತಮ್ಮಾ. ನಿನ್ನೂ ನಂಬಿದ್ರು, ನನ್ನೂ ನಂಬಿದ್ರು."